ಹಾಲು ಕಕ್ಕುವುದರಿಂದ ಅನ್ನನಾಳದ ಉರಿಯೂತದವರೆಗೆ: ಮಕ್ಕಳ ರಿಫ್ಲಕ್ಸ್ ಪತ್ತೆಯ ಕ್ರಮ

ಜಠರಕ್ಕೆ ಇಳಿದ ಆಹಾರವೂ ಅಲ್ಲಿನ ಆಮ್ಲವೂ ಮರಳಿ ಅನ್ನನಾಳಕ್ಕೆ ಏರಿ ಬರುವುದಕ್ಕೆ ವೈದ್ಯರು ರಿಫ್ಲಕ್ಸ್ ಎನ್ನುತ್ತಾರೆ. ಇದು ತಾನಾಗಿ ರೋಗವಲ್ಲ. ಗಟ್ಟಿಮುಟ್ಟಾದ ವಯಸ್ಕರಲ್ಲೂ ಊಟದ ನಂತರ ಹಲವು ಬಾರಿ ನಡೆಯುತ್ತದೆ. ಹಸುಗೂಸುಗಳಲ್ಲಂತೂ ನಿತ್ಯದ ಮಾತು. ಏರಿ ಬಂದದ್ದು ಮಗುವಿಗೆ ಬಾಧೆ ಕೊಟ್ಟರೆ, ಇಲ್ಲವೇ ಅನ್ನನಾಳಕ್ಕೋ ಬೆಳವಣಿಗೆಗೋ ಹಾನಿ ಮಾಡಿದರೆ ಮಾತ್ರ ಅದು ರಿಫ್ಲಕ್ಸ್ ರೋಗ. 2009ರಲ್ಲಿ ಅಂತರರಾಷ್ಟ್ರೀಯ ತಜ್ಞರು ಮಕ್ಕಳಿಗೆಂದೇ ರೂಪಿಸಿದ ವ್ಯಾಖ್ಯೆಯ ಸಾರ ಇಷ್ಟೇ. ಹೇಳಲು ಸುಲಭ, ಬಳಸಲು ಕಷ್ಟ. ಬಾಧೆಯಾಗುತ್ತಿದೆ ಎಂದು ಹೇಳಬೇಕಾದವರು ಯಾರು? ಎಂಟು ವರ್ಷಕ್ಕಿಂತ ಚಿಕ್ಕ ಮಗು ಎದೆಯುರಿಯನ್ನು ಹೊಟ್ಟೆನೋವಿನಿಂದ ಬೇರ್ಪಡಿಸಿ ಹೇಳಲಾರದು. ಕೂಸಿನ ಪರವಾಗಿ ತಾಯಿ ಹೇಳಬೇಕು, ಅಜ್ಜಿ ಹೇಳಬೇಕು. ಮಕ್ಕಳ ರಿಫ್ಲಕ್ಸ್ ಪತ್ತೆಯ ಬಹುಪಾಲು ತೊಡಕುಗಳ ಮೂಲ ಇಲ್ಲಿದೆ. ಎಲ್ಲ ಮಕ್ಕಳಿಗೂ ಒಪ್ಪುವ, ಹೌದು ಅಥವಾ ಇಲ್ಲ ಎಂದು ತೀರ್ಪು ಕೊಡುವ ಒಂದೇ ಪರೀಕ್ಷೆ ಇಂದಿಗೂ ಇಲ್ಲ. ಮಗುವಿನ ವಯಸ್ಸು ಯಾವುದು, ಕೇಳಬೇಕಾದ ಪ್ರಶ್ನೆ ಯಾವುದು ಎಂದು ಮೊದಲು ತೀರ್ಮಾನವಾಗಬೇಕು. ಪರೀಕ್ಷೆಯ ಆಯ್ಕೆ ಅದರ ಹಿಂದೆ ಬರುತ್ತದೆ.

ಅನ್ನನಾಳ ಜಠರವನ್ನು ಸೇರುವಲ್ಲಿ ಬಿಗಿಯಾಗಿ ಮುಚ್ಚಿಕೊಂಡಿರುವ ಸ್ನಾಯುವಿನ ಬಳೆಯೊಂದಿದೆ. ನುಂಗುವಾಗ ಅದು ಸಡಿಲಗೊಳ್ಳಬೇಕು, ಉಳಿದಂತೆ ಮುಚ್ಚಿರಬೇಕು. ರಿಫ್ಲಕ್ಸ್ ಇರುವವರಲ್ಲಿ ಈ ಬಳೆ ಸದಾ ದುರ್ಬಲವಾಗಿರುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ನುಂಗದೇ ಇರುವಾಗಲೂ ಅದು ಕೆಲವು ಕ್ಷಣ ತಾನಾಗಿ ಸಡಿಲಗೊಳ್ಳುತ್ತದೆ, ರಿಫ್ಲಕ್ಸ್ ಹೆಚ್ಚಾಗಿ ಆಗುವುದು ಆಗಲೇ ಎಂದು ವೈಲಿ ಡಾಡ್ಸ್ ಮತ್ತು ಸಂಗಡಿಗರು 1982ರಲ್ಲಿ ತೋರಿಸಿದರು. ಮಕ್ಕಳಲ್ಲೂ ನಡೆಯುವುದು ಇದೇ. ಶಿಶುವಿಗೆ ಇದರ ಮೇಲೆ ಇನ್ನಷ್ಟು ಕಾರಣಗಳು ಕೂಡಿಕೊಳ್ಳುತ್ತವೆ: ಅನ್ನನಾಳ ಗಿಡ್ಡ, ಆಹಾರವೆಲ್ಲ ದ್ರವ, ದಿನದ ಹೆಚ್ಚು ಹೊತ್ತು ಮಲಗಿಯೇ ಇರುವ ಭಂಗಿ. ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 150 ಮಿಲಿಲೀಟರ್ ಹಾಲು ಕುಡಿಯುವ ಜೀವ ಅದು. ಅದೇ ಲೆಕ್ಕದಲ್ಲಿ 60 ಕಿಲೋ ತೂಗುವವರು ದಿನಕ್ಕೆ ಒಂಬತ್ತು ಲೀಟರ್ ಕುಡಿಯಬೇಕಾಗುತ್ತದೆ. ಸ್ವಲ್ಪ ಹೊರಗೆ ಬಂದರೆ ಅಚ್ಚರಿಯೇನಿಲ್ಲ.

ಎಷ್ಟು ಕೂಸುಗಳು ಕಕ್ಕುತ್ತವೆ ಎಂಬುದಕ್ಕೆ ಅಮೆರಿಕದ ಶಿಕಾಗೋ ಭಾಗದಲ್ಲಿ ನಡೆದು 1997ರಲ್ಲಿ ಪ್ರಕಟವಾದ ಸಮೀಕ್ಷೆಯನ್ನು ಇಂದಿಗೂ ಉದಾಹರಿಸಲಾಗುತ್ತದೆ. ಮೂರು ತಿಂಗಳೊಳಗಿನ ಆರೋಗ್ಯವಂತ ಶಿಶುಗಳಲ್ಲಿ ಅರ್ಧದಷ್ಟು ದಿನಕ್ಕೆ ಒಮ್ಮೆಯಾದರೂ ಕಕ್ಕುತ್ತಿದ್ದವು. ನಾಲ್ಕನೇ ತಿಂಗಳಲ್ಲಿ ಈ ಪ್ರಮಾಣ ಶೇ. 67ಕ್ಕೆ ಏರಿತು, ಹತ್ತರಿಂದ ಹನ್ನೆರಡನೇ ತಿಂಗಳ ಹೊತ್ತಿಗೆ ಶೇ. 5ಕ್ಕೆ ಇಳಿಯಿತು. ಈ ಇಳಿತದ ನಡುವೆಯೇ ಕೂಸು ಕೂರಲು ಕಲಿತು, ಗಟ್ಟಿ ಆಹಾರಕ್ಕೆ ಹೊರಳುತ್ತದೆ. ಆದ್ದರಿಂದ ನಾಲ್ಕು ತಿಂಗಳ, ಚೆನ್ನಾಗಿ ತೂಕ ಏರುತ್ತಿರುವ, ನಗುತ್ತ ಆಡುತ್ತ ಹಾಲು ಕಕ್ಕುವ ಮಗುವಿಗೆ ಯಾವ ಪರೀಕ್ಷೆಯೂ ಬೇಕಿಲ್ಲ, ಔಷಧವೂ ಬೇಕಿಲ್ಲ. ತಾಯಿಯ ಸೆರಗು ಒದ್ದೆಯಾಗುವುದನ್ನು ಬಿಟ್ಟರೆ ನಷ್ಟವೇನೂ ಇಲ್ಲ.

ಪತ್ತೆಯ ಮೊದಲ ಉಪಕರಣ ತೂಕದ ಯಂತ್ರ. ಮೊದಲ ಮೂರು ತಿಂಗಳಲ್ಲಿ ಶಿಶು ದಿನಕ್ಕೆ ಸುಮಾರು 25ರಿಂದ 30 ಗ್ರಾಂ ತೂಕ ಪಡೆಯುತ್ತದೆ, ಐದನೇ ತಿಂಗಳ ಹೊತ್ತಿಗೆ ಹುಟ್ಟುತೂಕ ಇಮ್ಮಡಿಯಾಗುತ್ತದೆ. ಕರ್ನಾಟಕದಲ್ಲಿ ಗರ್ಭಿಣಿಯ ಕೈಗೆ ಕೊಡುವ ತಾಯಿ ಕಾರ್ಡಿನಲ್ಲೇ ಮಗುವಿನ ಬೆಳವಣಿಗೆಯ ರೇಖೆಗೂ ಜಾಗವಿದೆ. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಗಿ ಗುರುತು ಹಾಕುವ ವ್ಯವಸ್ಥೆಯೂ ಇದೆ. ಕಕ್ಕುವ ಮಗುವನ್ನು ವೈದ್ಯರ ಬಳಿ ಒಯ್ಯುವಾಗ ಆ ಕಾರ್ಡನ್ನು ಮನೆಯಲ್ಲೇ ಬಿಟ್ಟುಹೋಗುವುದು ಸಾಮಾನ್ಯ. ಇದು ತಪ್ಪಬೇಕು. ರೇಖೆ ಏರುತ್ತಿದೆಯೋ, ಮಟ್ಟಸವಾಗಿದೆಯೋ, ಇಳಿಯುತ್ತಿದೆಯೋ ಎಂಬ ಒಂದು ಸಂಗತಿ ಯಾವ ಸ್ಕ್ಯಾನಿಗಿಂತಲೂ ಹೆಚ್ಚು ಹೇಳುತ್ತದೆ.

ಎರಡನೆಯದು ಮಾತುಕತೆ. ಎದೆಹಾಲೋ ಡಬ್ಬಿ ಹಾಲೋ, ಬಾಟಲಿಯಲ್ಲೋ ಒಳಲೆಯಲ್ಲೋ, ಒಂದು ಸಲಕ್ಕೆ ಎಷ್ಟು, ಎಷ್ಟು ಹೊತ್ತಿಗೊಮ್ಮೆ, ಕುಡಿಸಿದ ಮೇಲೆ ಹೆಗಲಿಗೆ ಹಾಕಿ ತೇಗು ಬರಿಸುತ್ತಾರೆಯೇ, ಅತ್ತಾಗಲೆಲ್ಲ ಹಸಿವೆಂದು ಮತ್ತೆ ಕುಡಿಸುತ್ತಾರೆಯೇ? ಬಜೆ ತೇಯ್ದು ನೆಕ್ಕಿಸುವುದು, ಗ್ರೈಪ್ ವಾಟರ್ ಕುಡಿಸುವುದು ಇವನ್ನೂ ಗದರದೆ ಕೇಳಿ ತಿಳಿಯಬೇಕು. ಗದರಿದರೆ ಮುಂದಿನ ಭೇಟಿಯಲ್ಲಿ ನಿಜ ಹೊರಬರುವುದಿಲ್ಲ. ಬಹಳಷ್ಟು ಸಲ ರೋಗವೆಂದು ತಂದದ್ದು ಬರೀ ಅತಿಯಾಗಿ ಕುಡಿಸಿದ್ದರ ಫಲವಾಗಿರುತ್ತದೆ. ಒಂದು ಸಲದ ಪ್ರಮಾಣ ಇಳಿಸಿ ಸಲಗಳನ್ನು ಹೆಚ್ಚಿಸಿದರೆ ಕಕ್ಕುವುದು ಕಡಿಮೆಯಾಗುತ್ತದೆ. ಇದೂ ಒಂದು ಬಗೆಯ ಪರೀಕ್ಷೆಯೇ, ಅದೂ ಖರ್ಚಿಲ್ಲದ್ದು. ಲಕ್ಷಣಗಳಿಗೆ ಅಂಕ ಕೊಟ್ಟು ಕೂಡುವ ಪ್ರಶ್ನಾವಳಿಗಳೂ ಇವೆ. ಅಮೆರಿಕದ ಸೂಸನ್ ಓರೆನ್‌ಸ್ಟೀನ್ ಶಿಶುಗಳಿಗಾಗಿ ಸಿದ್ಧಪಡಿಸಿದ್ದು ಇವುಗಳಲ್ಲಿ ಪ್ರಸಿದ್ಧ. ಆದರೆ ಬೇರೆ ಬೇರೆ ಕಡೆ ಬಳಸಿದಾಗ ಅಂಕಕ್ಕೂ ಅನ್ನನಾಳದ ನಿಜಸ್ಥಿತಿಗೂ ತಾಳೆ ಸಾಕಷ್ಟು ಬೀಳಲಿಲ್ಲ. ಒಂದೇ ಮಗುವಿನ ಸ್ಥಿತಿ ವಾರದಿಂದ ವಾರಕ್ಕೆ ಹೇಗೆ ಬದಲಾಗುತ್ತಿದೆ ಎಂದು ನೋಡಲು ಅವು ಸಾಕು, ರೋಗ ನಿರ್ಣಯಿಸಲು ಸಾಲವು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಇದು ರಿಫ್ಲಕ್ಸ್ ಅಲ್ಲದೆ ಬೇರೇನಾದರೂ ಇರಬಹುದೇ ಎಂಬ ಶಂಕೆ. ಹಸುಗೂಸು ಹಸಿರು ಬಣ್ಣದ ವಾಂತಿ ಮಾಡಿತೆಂದರೆ ಅದು ತುರ್ತು ಸ್ಥಿತಿ. ಪಿತ್ತ ಕೆರಳಿದೆ, ದೃಷ್ಟಿಯಾಗಿದೆ ಎಂದು ಕಾಯುವಂತಿಲ್ಲ. ಕರುಳು ತಿರುಚಿಕೊಂಡಿದ್ದರೆ ಗಂಟೆಗಳ ಲೆಕ್ಕದಲ್ಲಿ ಅದು ಸಾಯುತ್ತದೆ. ಹುಟ್ಟಿದ ಎರಡರಿಂದ ಎಂಟು ವಾರಗಳ ನಡುವೆ ಚಿಮ್ಮುವಂಥ ವಾಂತಿ ಆರಂಭವಾಗಿ, ವಾಂತಿಯಾದೊಡನೆ ಮಗು ಮತ್ತೆ ಹಸಿದು ಹಾಲಿಗೆ ಹಾತೊರೆದರೆ ಜಠರದ ಕೆಳಬಾಯಿಯ ಸ್ನಾಯು ದಪ್ಪಗಾಗಿರುವ ಪೈಲೋರಿಕ್ ಸ್ಟೆನೋಸಿಸ್ ನೆನಪಾಗಬೇಕು. ಅಲ್ಟ್ರಾಸೌಂಡ್‌ನಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಜ್ವರದ ಜೊತೆ ವಾಂತಿಯಿದ್ದರೆ ಮೂತ್ರದ ಸೋಂಕು, ನೆತ್ತಿ ಉಬ್ಬಿದ್ದರೆ ಅಥವಾ ತಲೆಯ ಸುತ್ತಳತೆ ಬೇಗ ಬೇಗ ಹೆಚ್ಚುತ್ತಿದ್ದರೆ ಮಿದುಳಿನ ಒತ್ತಡ, ಮಂಪರು ಮತ್ತು ಫಿಟ್ಸ್ ಇದ್ದರೆ ಹುಟ್ಟಿನಿಂದ ಬಂದ ಚಯಾಪಚಯ ದೋಷ. ವಾಂತಿಯಲ್ಲಿ ರಕ್ತ, ಹೊಟ್ಟೆಯುಬ್ಬರ, ಬಿಡದ ಭೇದಿ, ತೂಕ ಇಳಿತ ಇವೂ ಎಚ್ಚರಿಕೆಯ ಗುರುತುಗಳೇ. ಸಮಯವೂ ಸಾಕ್ಷಿ ಹೇಳುತ್ತದೆ. ಆರು ತಿಂಗಳವರೆಗೆ ಕಕ್ಕದಿದ್ದ ಮಗು ಆಮೇಲೆ ಶುರುಮಾಡಿದರೆ, ಅಥವಾ ವರ್ಷ ಕಳೆದು ಒಂದೂವರೆಯಾದರೂ ನಿಲ್ಲದಿದ್ದರೆ ಅದು ಶೈಶವದ ಸಹಜ ರಿಫ್ಲಕ್ಸ್ ಅಲ್ಲ ಎಂದು ತಿಳಿದು ಹುಡುಕಾಟ ಆರಂಭಿಸಬೇಕು.

ಶಿಶುಗಳಲ್ಲಿ ರಿಫ್ಲಕ್ಸಿನ ವೇಷ ಹಾಕುವ ಇನ್ನೊಂದು ತೊಂದರೆ ಹಸುವಿನ ಹಾಲಿನ ಪ್ರೋಟೀನಿನ ಅಲರ್ಜಿ. ಕಕ್ಕುವುದು, ಅಳುವುದು, ಹಾಲು ಬೇಡವೆಂದು ಬೆನ್ನು ಬಿಲ್ಲಾಗಿಸುವುದು ಎರಡರಲ್ಲೂ ಒಂದೇ. ಮಲದಲ್ಲಿ ರಕ್ತದ ಎಳೆ, ಮೈಮೇಲೆ ಕಜ್ಜಿ, ಮನೆಯಲ್ಲಿ ಅಲರ್ಜಿಯ ಇತಿಹಾಸ ಇದ್ದರೆ ಅನುಮಾನ ಬಲವಾಗುತ್ತದೆ, ಇಲ್ಲದಿದ್ದರೂ ಅಲ್ಲಗಳೆಯಲಾಗದು. ಈ ಬಗೆಯಲ್ಲಿ ಚರ್ಮದ ಪರೀಕ್ಷೆ, ರಕ್ತಪರೀಕ್ಷೆಗಳು ಹೆಚ್ಚಾಗಿ ಏನನ್ನೂ ತೋರಿಸುವುದಿಲ್ಲ. ಯುರೋಪು ಮತ್ತು ಉತ್ತರ ಅಮೆರಿಕದ ಮಕ್ಕಳ ಜಠರ-ಕರುಳು ತಜ್ಞರ ಸಂಘಗಳು 2018ರಲ್ಲಿ ಜಂಟಿಯಾಗಿ ಹೊರತಂದ ಮಾರ್ಗಸೂಚಿ ಇದಕ್ಕೆ ಸರಳ ದಾರಿ ಹೇಳುತ್ತದೆ: ಆಮ್ಲ ತಗ್ಗಿಸುವ ಔಷಧಕ್ಕೆ ಕೈಹಾಕುವ ಮೊದಲು ಎರಡರಿಂದ ನಾಲ್ಕು ವಾರ ಹಸುವಿನ ಹಾಲಿನ ಪ್ರೋಟೀನನ್ನು ತಪ್ಪಿಸಿ ನೋಡಬೇಕು. ಎದೆಹಾಲು ಕುಡಿಯುವ ಮಗುವಾದರೆ ತಾಯಿ ತನ್ನ ಊಟದಿಂದ ಹಾಲು, ಮೊಸರು, ಮಜ್ಜಿಗೆ, ಪನೀರನ್ನು ಬಿಡುತ್ತಾಳೆ, ಎದೆಹಾಲನ್ನು ನಿಲ್ಲಿಸಬೇಕಿಲ್ಲ. ಡಬ್ಬಿ ಹಾಲಿನ ಮಗುವಿಗೆ ಪ್ರೋಟೀನನ್ನು ಚೂರುಚೂರಾಗಿ ಒಡೆದ ವಿಶೇಷ ಹಾಲು. ಮಗು ಸುಧಾರಿಸಿದರೆ ಕೆಲಸ ಮುಗಿಯಲಿಲ್ಲ. ಹಾಲನ್ನು ಮತ್ತೆ ಕೊಟ್ಟು ತೊಂದರೆ ಮರುಕಳಿಸುತ್ತದೆಯೇ ಎಂದು ನೋಡಿದಾಗಲೇ ನಿರ್ಣಯ ಪೂರ್ತಿ. ಈ ಎರಡನೆಯ ಹೆಜ್ಜೆಯನ್ನು ಬಿಟ್ಟುಬಿಡುವುದರಿಂದ ಅಲರ್ಜಿಯೇ ಇಲ್ಲದ ಮಕ್ಕಳು ವರ್ಷಗಟ್ಟಲೆ ಹಾಲು ಮೊಸರಿಲ್ಲದೆ ಬೆಳೆಯುತ್ತಾರೆ, ತಾಯಂದಿರು ಪಥ್ಯ ಹಿಡಿದು ಸೊರಗುತ್ತಾರೆ.

ಕಕ್ಕದಿದ್ದರೂ ಸದಾ ಅಳುವ ಮಗುವಿಗೆ ಆಮ್ಲವೇ ಕಾರಣವಿರಬೇಕು ಎಂಬ ನಂಬಿಕೆ ಪ್ರಬಲ. ಇದನ್ನು ಒರೆಗೆ ಹಚ್ಚಿದ ಪ್ರಯೋಗಗಳು ನಂಬಿಕೆಯನ್ನು ಎತ್ತಿಹಿಡಿಯಲಿಲ್ಲ. 2003ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಒಂದು ಅಧ್ಯಯನದಲ್ಲಿ ಒಮೆಪ್ರಜೋಲ್ ಕೊಟ್ಟಾಗ ಅನ್ನನಾಳದ ಆಮ್ಲವೇನೋ ತಗ್ಗಿತು, ಅಳು ಮಾತ್ರ ಹುಸಿಮಾತ್ರೆಗಿಂತ ಹೆಚ್ಚು ತಗ್ಗಲಿಲ್ಲ. 2009ರಲ್ಲಿ ಓರೆನ್‌ಸ್ಟೀನ್ ತಂಡ 162 ಶಿಶುಗಳಲ್ಲಿ ಅದೇ ಬಗೆಯ ಲ್ಯಾನ್ಸೊಪ್ರಜೋಲ್ ಪರೀಕ್ಷಿಸಿತು. ಔಷಧ ಪಡೆದವರಲ್ಲಿ ಶೇ. 54 ಸುಧಾರಿಸಿದರು, ಹುಸಿಯೌಷಧ ಪಡೆದವರಲ್ಲೂ ಶೇ. 54. ಔಷಧದ ಗುಂಪಿನಲ್ಲಿ ಶ್ವಾಸಕೋಶದ ಸೋಂಕಿನಂಥ ಗಂಭೀರ ತೊಂದರೆಗಳು ಹೆಚ್ಚು ಕಂಡವು. ಇದರ ಅರ್ಥ ಸ್ಪಷ್ಟ: ಶಿಶುವಿಗೆ ಆಮ್ಲನಿರೋಧಕ ಕೊಟ್ಟು, ಗುಣ ಕಂಡರೆ ರಿಫ್ಲಕ್ಸ್ ಇತ್ತೆಂದು ತೀರ್ಮಾನಿಸುವ ಕ್ರಮ ಸಲ್ಲದು, ಏಕೆಂದರೆ ಅರ್ಧಕ್ಕರ್ಧ ಶಿಶುಗಳು ಕಾಲದೊಂದಿಗೆ ತಾವೇ ಗುಣವಾಗುತ್ತವೆ. 2018ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಹೀಗಿದ್ದೂ ಭಾರತದಲ್ಲಿ ಕಕ್ಕುವ ಕೂಸಿಗೆ ಆಮ್ಲನಿರೋಧಕವನ್ನೂ ವಾಂತಿ ತಡೆಯುವ ಡೊಂಪೆರಿಡೋನ್ ಹನಿಯನ್ನೂ ಬರೆಯುವ ರೂಢಿ ನಿಂತಿಲ್ಲ. ಹೃದಯದ ಲಯದ ಮೇಲಿನ ಪರಿಣಾಮದ ಕಾರಣಕ್ಕೆ ಯುರೋಪಿನ ಔಷಧ ಸಂಸ್ಥೆ 2014ರಲ್ಲೇ ಡೊಂಪೆರಿಡೋನ್ ಬಳಕೆಗೆ ಕಡಿವಾಣ ಹಾಕಿದೆ.

ಮಾತು ಬಲ್ಲ ದೊಡ್ಡ ಮಕ್ಕಳ ಸಂಗತಿ ಬೇರೆ. ಎಂಟು ಹತ್ತು ವರ್ಷದ ಮಗು ಎದೆಯ ನಡುವೆ ಉರಿಯುತ್ತದೆ, ಊಟವಾದ ಮೇಲೆ ಹುಳಿತೇಗು ಗಂಟಲಿಗೆ ಬರುತ್ತದೆ ಎಂದು ತಾನೇ ಹೇಳಿದರೆ, ಎಚ್ಚರಿಕೆಯ ಗುರುತುಗಳೂ ಇಲ್ಲದಿದ್ದರೆ ನಾಲ್ಕರಿಂದ ಎಂಟು ವಾರ ಪ್ರೋಟಾನ್ ಪಂಪ್ ನಿರೋಧಕವನ್ನು, ಅಂದರೆ ಒಮೆಪ್ರಜೋಲ್ ಬಗೆಯ ಆಮ್ಲನಿರೋಧಕವನ್ನು, ಕೊಟ್ಟು ನೋಡುವುದಕ್ಕೆ ಒಪ್ಪಿಗೆಯಿದೆ. ಗುಣವಾದರೆ ನಿಧಾನವಾಗಿ ನಿಲ್ಲಿಸಬೇಕು. ಗುಣವಾಗದಿದ್ದರೆ, ಅಥವಾ ನಿಲ್ಲಿಸಿದೊಡನೆ ಮರುಕಳಿಸಿದರೆ, ಮಾತ್ರೆಯ ಪ್ರಮಾಣ ಏರಿಸುತ್ತ ಹೋಗದೆ ತಜ್ಞರತ್ತ ಕಳಿಸಬೇಕು. ಬರೀ ಹೊಕ್ಕುಳ ಸುತ್ತ ನೋವು, ಬರೀ ಕೆಮ್ಮು, ಬರೀ ಸ್ವರ ಒಡಕು ಇರುವ ಮಗುವಿಗೆ ಈ ಪ್ರಯೋಗ ಅನ್ವಯಿಸುವುದಿಲ್ಲ. ಶಾಲೆಗೆ ಹೋಗುವ ಮಗುವಿನ ಹೊಟ್ಟೆನೋವಿಗೆಲ್ಲ ಗ್ಯಾಸ್ಟ್ರಿಕ್ ಎಂಬ ಹಣೆಪಟ್ಟಿ ಅಂಟಿಸಿ ಅಂಗಡಿಯಿಂದ ಮಾತ್ರೆ ತರುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಹೆಲಿಕೊಬ್ಯಾಕ್ಟರ್ ಪೈಲೋರಿ ಬಗ್ಗೆಯೂ ಒಂದು ಮಾತು ಅಗತ್ಯ. ಈ ಬ್ಯಾಕ್ಟೀರಿಯ ಭಾರತದಲ್ಲಿ ಬಹಳ ವ್ಯಾಪಕ. ಪರೀಕ್ಷಿಸಿದರೆ ಎಷ್ಟೋ ಮಕ್ಕಳಲ್ಲಿ ಸಿಗುತ್ತದೆ. ಆದರೆ ಅದು ರಿಫ್ಲಕ್ಸಿಗೆ ಕಾರಣವಲ್ಲ, ಆದ್ದರಿಂದ ಎದೆಯುರಿಗಾಗಿ ಅದನ್ನು ಹುಡುಕುವುದರಲ್ಲಿ ಪ್ರಯೋಜನವಿಲ್ಲ.

ಇನ್ನು ಪರೀಕ್ಷೆಗಳು. ಇವುಗಳಲ್ಲಿ ಹಳೆಯದು ಬೇರಿಯಂ ಕುಡಿಸಿ ತೆಗೆಯುವ ಎಕ್ಸ್-ರೇ. ನ್ಯೂಹೌಸರ್ ಮತ್ತು ಬೆರೆನ್‌ಬರ್ಗ್ 1947ರಲ್ಲಿ ಶಿಶುಗಳ ಅನ್ನನಾಳದ ಕೆಳಬಾಯಿ ಸಡಿಲವಿರುವುದನ್ನು ವರ್ಣಿಸಿದ್ದು ಇದರ ನೆರವಿನಿಂದಲೇ. ಆದರೆ ಕೆಲವೇ ನಿಮಿಷ ನೋಡುವ ಈ ಚಿತ್ರದಲ್ಲಿ ಬೇರಿಯಂ ಮೇಲೇರಿದ್ದು ಕಂಡರೆ ರೋಗವೆಂದಲ್ಲ, ಕಾಣದಿದ್ದರೆ ಇಲ್ಲವೆಂದೂ ಅಲ್ಲ. ಅತ್ತು ಕೊಸರಾಡುವ ಆರೋಗ್ಯವಂತ ಮಗುವಿನಲ್ಲೂ ಅದು ಏರುತ್ತದೆ. ರಿಫ್ಲಕ್ಸ್ ನಿರ್ಣಯಕ್ಕೆ ಬೇರಿಯಂ ಬೇಡ ಎಂದು ಮಾರ್ಗಸೂಚಿ ಹೇಳುವುದು ಇದಕ್ಕೇ. ಅದರ ನಿಜವಾದ ಉಪಯೋಗ ರಚನೆಯ ದೋಷ ಹುಡುಕುವುದರಲ್ಲಿ: ವಪೆಯ ಮೂಲಕ ಜಠರ ಮೇಲೆ ಸರಿದಿರುವುದು, ಅನ್ನನಾಳ ಕಿರಿದಾಗಿರುವುದು, ಕರುಳು ತಪ್ಪು ತಿರುವಿನಲ್ಲಿರುವುದು, ಕೆಳಬಾಯಿ ತೆರೆಯದ ಅಕಲೇಸಿಯ. ಕೊನೆಯದು ವಿರಳವಾದರೂ ನೆನಪಿಡಬೇಕಾದದ್ದು. ರಾತ್ರಿ ದಿಂಬಿಗೆ ಆಹಾರ ಬರುವ, ತೂಕ ಇಳಿಯುವ ಹದಿಹರೆಯದವರು ಅಕಲೇಸಿಯ ಪತ್ತೆಯಾಗುವ ಮೊದಲು ತಿಂಗಳುಗಟ್ಟಲೆ ರಿಫ್ಲಕ್ಸಿಗೆ ಮಾತ್ರೆ ನುಂಗಿರುತ್ತಾರೆ. ಅಲ್ಟ್ರಾಸೌಂಡ್ ಮತ್ತು ವಿಕಿರಣ ಬೆರೆಸಿದ ಹಾಲಿನ ಸ್ಕ್ಯಾನ್‌ಗಳಿಗೂ ಇದೇ ಮಿತಿ. ಹೊಟ್ಟೆಯ ಸ್ಕ್ಯಾನ್ ವರದಿಯಲ್ಲಿ ರಿಫ್ಲಕ್ಸ್ ಕಂಡಿತು ಎಂದು ಬರೆದಿದ್ದರೆ ಅಷ್ಟಕ್ಕೇ ಚಿಕಿತ್ಸೆ ಶುರುಮಾಡಬಾರದು.

ಅನ್ನನಾಳದೊಳಗೆ ಆಮ್ಲ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಅಳೆಯುವ ಪಿಎಚ್ ಮಾಪನ ಎಪ್ಪತ್ತರ ದಶಕದಲ್ಲಿ ಬಳಕೆಗೆ ಬಂತು. ಮೂಗಿನ ಮೂಲಕ ತೆಳುವಾದ ನಳಿಕೆಯೊಂದನ್ನು ಇಳಿಸಿ, ತುದಿಯ ಸಂವೇದಕವನ್ನು ಅನ್ನನಾಳದ ಕೆಳಭಾಗದಲ್ಲಿ ನಿಲ್ಲಿಸಿ, 24 ಗಂಟೆ ದಾಖಲಿಸುತ್ತಾರೆ. ಎಷ್ಟು ಒಳಗೆ ಇಳಿಸಬೇಕೆಂಬುದಕ್ಕೆ ಮಗುವಿನ ಎತ್ತರದಿಂದ ಲೆಕ್ಕ ಹಾಕುವ ಸ್ಟ್ರೋಬೆಲ್ ಸೂತ್ರವಿದೆ. ಎತ್ತರದ ಮಕ್ಕಳಲ್ಲಿ ಅದು ಹೆಚ್ಚು ಉದ್ದ ತೋರಿಸುವುದರಿಂದ ಎಕ್ಸ್-ರೇಯಲ್ಲಿ ಜಾಗ ಖಚಿತಪಡಿಸಿಕೊಳ್ಳುವುದು ಕ್ರಮ. ಪಿಎಚ್ ನಾಲ್ಕಕ್ಕಿಂತ ಕೆಳಗಿದ್ದ, ಅಂದರೆ ಆಮ್ಲ ತೀಕ್ಷ್ಣವಾಗಿದ್ದ ಸಮಯದ ಶೇಕಡಾವಾರು ಪ್ರಮಾಣಕ್ಕೆ ರಿಫ್ಲಕ್ಸ್ ಸೂಚ್ಯಂಕವೆಂದು ಹೆಸರು. ಮೂರಕ್ಕಿಂತ ಕಡಿಮೆಯಿದ್ದರೆ ಸಹಜ, ಏಳಕ್ಕಿಂತ ಹೆಚ್ಚಿದ್ದರೆ ಅಸಹಜ, ನಡುವಿನದು ಅನಿಶ್ಚಿತ ಎಂದು ಮಕ್ಕಳ ಜಠರ-ಕರುಳು ತಜ್ಞರ ಸಂಘಗಳ 2009ರ ಮಾರ್ಗಸೂಚಿ ಗೆರೆ ಎಳೆಯಿತು. ಈ ಗೆರೆಗಳು ಕಲ್ಲಿನ ಮೇಲೆ ಕೊರೆದವಲ್ಲ. ಅದಕ್ಕಿಂತ ದೊಡ್ಡ ಕುಂದು ಬೇರೆಯಿದೆ. ಹಾಲು ಆಮ್ಲವನ್ನು ಮಂದಗೊಳಿಸುತ್ತದೆ. ಕುಡಿದ ಮೇಲೆ ಒಂದೆರಡು ಗಂಟೆ ಶಿಶುವಿನ ಜಠರದಲ್ಲಿ ತೀಕ್ಷ್ಣ ಆಮ್ಲವೇ ಇರುವುದಿಲ್ಲ. ಅದು ಕಕ್ಕುವುದೂ ಹೆಚ್ಚಾಗಿ ಆ ಹೊತ್ತಿನಲ್ಲೇ. ಹೀಗಾಗಿ ಕಣ್ಣೆದುರಿಗೇ ಮಗು ಕಕ್ಕಿದರೂ ಪಿಎಚ್ ಯಂತ್ರ ಏನೂ ಆಗಲಿಲ್ಲವೆಂದು ದಾಖಲಿಸಬಹುದು.

ಈ ಕುರುಡನ್ನು ನೀಗಿಸಿದ್ದು ಇಂಪಿಡೆನ್ಸ್ ಮಾಪನ. ಜರ್ಮನಿಯ ಆಹೆನ್‌ನಲ್ಲಿ ಯಿರ್ಜಿ ಸಿಲ್ನಿ 1991ರಲ್ಲಿ ಇದನ್ನು ವಿವರಿಸಿದರು. ಅದೇ ತೆಳು ನಳಿಕೆಯ ಉದ್ದಕ್ಕೂ ಲೋಹದ ಉಂಗುರಗಳನ್ನು ಜೋಡಿಸಿ, ಎರಡೆರಡರ ನಡುವೆ ವಿದ್ಯುತ್ತಿನ ತಡೆಯನ್ನು ಅಳೆಯುತ್ತಾರೆ. ದ್ರವ ಬಂದರೆ ತಡೆ ಇಳಿಯುತ್ತದೆ, ಗಾಳಿ ಬಂದರೆ ಏರುತ್ತದೆ. ಇಳಿತ ಮೇಲಿನ ಉಂಗುರದಿಂದ ಕೆಳಕ್ಕೆ ಸಾಗಿದರೆ ನುಂಗಿದ್ದು. ಕೆಳಗಿನಿಂದ ಮೇಲಕ್ಕೆ ಸಾಗಿದರೆ ರಿಫ್ಲಕ್ಸ್. ಜೊತೆಗಿರುವ ಪಿಎಚ್ ಸಂವೇದಕ ಅದು ಆಮ್ಲವೋ ಅಲ್ಲವೋ ಎನ್ನುತ್ತದೆ. ಎಷ್ಟು ಎತ್ತರಕ್ಕೆ ಏರಿತೆಂಬುದೂ ತಿಳಿಯುತ್ತದೆ. 2011ರಲ್ಲಿ ಜರ್ಮನಿಯ ತಜ್ಞರು 700 ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದಾಗ, ಬರೀ ಪಿಎಚ್ ನೋಡಿದ್ದರೆ ತಪ್ಪಿಹೋಗುತ್ತಿದ್ದ ಅಸಹಜ ಪ್ರಕರಣಗಳು ಗಣನೀಯವಾಗಿದ್ದವು.

ಈ ಪರೀಕ್ಷೆಯ ನಿಜವಾದ ಬಲ ಎಣಿಕೆಯಲ್ಲಿಲ್ಲ, ಹೊಂದಾಣಿಕೆಯಲ್ಲಿದೆ. ಮಗು ಕೆಮ್ಮಿದಾಗ, ಬೆನ್ನು ಬಾಗಿಸಿದಾಗ, ನೋವೆಂದಾಗ ತಾಯಿ ಗುಂಡಿಯೊತ್ತಿ ಡೈರಿಯಲ್ಲಿ ಬರೆಯುತ್ತಾಳೆ. ಆ ಗಳಿಗೆಯ ಹಿಂದಿನ ಎರಡು ನಿಮಿಷದೊಳಗೆ ರಿಫ್ಲಕ್ಸ್ ಆಗಿತ್ತೇ ಎಂದು ನೋಡುತ್ತಾರೆ. ಅರ್ಧಕ್ಕಿಂತ ಹೆಚ್ಚು ಸಲ ಆಗಿದ್ದರೆ, ಅಥವಾ ಇದು ಕಾಕತಾಳೀಯವಲ್ಲ ಎಂಬ ಸಂಭವ ಶೇ. 95 ಮೀರಿದರೆ ಲಕ್ಷಣಕ್ಕೂ ರಿಫ್ಲಕ್ಸಿಗೂ ನಂಟಿದೆ ಎನ್ನಬಹುದು. ತಾಯಿ ರಾತ್ರಿ ನಿದ್ದೆಹೋದರೆ, ಗುಂಡಿಯೊತ್ತಲು ಮರೆತರೆ ಈ ಲೆಕ್ಕವೆಲ್ಲ ಬುಡಮೇಲು. ದುಬಾರಿ ಯಂತ್ರದ ಫಲಿತಾಂಶ ಕೊನೆಗೂ ತಾಯಿಯ ಡೈರಿಯನ್ನೇ ನೆಚ್ಚಿಕೊಂಡಿದೆ. ಆರೋಗ್ಯವಂತ ಮಕ್ಕಳಲ್ಲಿ ಇಂಪಿಡೆನ್ಸಿನ ಸಹಜ ಮಿತಿ ಎಷ್ಟೆಂಬುದಕ್ಕೆ ಗಟ್ಟಿ ಅಂಕಿಗಳಿಲ್ಲದಿರುವುದು ಇನ್ನೊಂದು ಕೊರತೆ. ಏನೂ ತೊಂದರೆಯಿಲ್ಲದ ಮಗುವಿನ ಮೂಗಿಗೆ ನಳಿಕೆ ಹಾಕಲು ಯಾರೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ಉರಿಯೂತವಿದೆಯೇ ಎಂಬ ಪ್ರಶ್ನೆಗೆ ಮಾತ್ರ ಈ ಯಾವ ಪರೀಕ್ಷೆಯೂ ಉತ್ತರ ಕೊಡದು. ಅದಕ್ಕೆ ಎಂಡೋಸ್ಕೋಪಿಯೇ ಬೇಕು, ಮಕ್ಕಳಲ್ಲಿ ಅದಕ್ಕೆ ಅರಿವಳಿಕೆಯೂ ಬೇಕು. ನುಂಗಲು ಕಷ್ಟ, ನುಂಗುವಾಗ ನೋವು, ರಕ್ತವಾಂತಿ, ಕಾರಣ ತಿಳಿಯದ ರಕ್ತಹೀನತೆ, ತೂಕ ಏರದಿರುವುದು, ಔಷಧಕ್ಕೆ ಬಗ್ಗದ ಎದೆಯುರಿ ಇವು ಎಂಡೋಸ್ಕೋಪಿಗೆ ಕಾರಣಗಳು. ಒಳಪದರ ಹರಿದು ಹುಣ್ಣಾಗಿದ್ದರೆ ಅದರ ಉದ್ದ, ವಿಸ್ತಾರ ನೋಡಿ ಲಾಸ್ ಏಂಜಲಿಸ್ ಪದ್ಧತಿಯಂತೆ ಎ ಇಂದ ಡಿ ವರೆಗೆ ದರ್ಜೆ ಕೊಡುತ್ತಾರೆ. ಬರೀ ಕೆಂಪಾಗಿದೆ ಎಂಬ ವರದಿಗೆ ಹೆಚ್ಚು ಬೆಲೆಯಿಲ್ಲ, ಒಬ್ಬರ ಕಣ್ಣಿಗೆ ಕೆಂಪಾದದ್ದು ಇನ್ನೊಬ್ಬರಿಗೆ ಸಹಜ. ಅಮೆರಿಕದ ಹಲವು ಕೇಂದ್ರಗಳಲ್ಲಿ ಎಂಡೋಸ್ಕೋಪಿಗೆ ಒಳಗಾದ 7188 ಮಕ್ಕಳ ದಾಖಲೆಯನ್ನು 2008ರಲ್ಲಿ ಪ್ರಕಟಿಸಿದಾಗ, ಹುಣ್ಣಿನ ಮಟ್ಟದ ಉರಿಯೂತ ಕಂಡದ್ದು 888 ಮಕ್ಕಳಲ್ಲಿ, ಅಂದರೆ ನೂರಕ್ಕೆ ಹನ್ನೆರಡರಷ್ಟು. ವರ್ಷದೊಳಗಿನವರಲ್ಲಿ ಅದು ಶೇ. 5.5, ಹದಿನೇಳರ ವಯಸ್ಸಿನಲ್ಲಿ ಶೇ. 19.6. ಎಂಡೋಸ್ಕೋಪಿ ಮಾಡಬೇಕೆನಿಸುವಷ್ಟು ತೊಂದರೆಯಿದ್ದವರಲ್ಲೇ ಇಷ್ಟು. ಹಾಗಾಗಿ ಎಂಡೋಸ್ಕೋಪಿ ಸ್ವಚ್ಛವಾಗಿದೆ ಎಂದರೆ ರಿಫ್ಲಕ್ಸ್ ಇಲ್ಲವೆಂದಲ್ಲ. ಅಂಥ ಮಗುವಿಗೆ ಇಂಪಿಡೆನ್ಸ್ ಮಾಡಿ ಆಮ್ಲ ಹೆಚ್ಚಿದ್ದರೆ ಹುಣ್ಣಿಲ್ಲದ ರಿಫ್ಲಕ್ಸ್ ರೋಗ; ಆಮ್ಲ ಸಹಜವಿದ್ದೂ ಪ್ರತಿ ರಿಫ್ಲಕ್ಸಿಗೂ ಉರಿ ಕಂಡರೆ ಅತಿಸಂವೇದನೆ; ಎರಡಕ್ಕೂ ನಂಟೇ ಇಲ್ಲದಿದ್ದರೆ ಕ್ರಿಯಾತ್ಮಕ ಎದೆಯುರಿ. ಕೊನೆಯ ಬಗೆಗೆ ಆಮ್ಲನಿರೋಧಕ ಎಷ್ಟು ಕೊಟ್ಟರೂ ವ್ಯರ್ಥ.

ಕಣ್ಣಿಗೆ ಸಹಜವಾಗಿ ಕಂಡರೂ ಬಯಾಪ್ಸಿ ತೆಗೆಯದೆ ಮಕ್ಕಳ ಎಂಡೋಸ್ಕೋಪಿಯನ್ನು ಮುಗಿಸಬಾರದು. ರಿಫ್ಲಕ್ಸಿನಲ್ಲಿ ಸೂಕ್ಷ್ಮದರ್ಶಕ ತೋರಿಸುವ ಬದಲಾವಣೆಗಳು, ಅಂದರೆ ತಳಪದರ ದಪ್ಪಗಾಗುವುದು, ಅಂಗಾಂಶದ ಮೊನೆಗಳು ಉದ್ದವಾಗುವುದು, ಬೇರೆ ಕಾಯಿಲೆಗಳಲ್ಲೂ ಇರುತ್ತವೆ. ಅವುಗಳಿಂದ ರಿಫ್ಲಕ್ಸ್ ಸಿದ್ಧವಾಗದು. ಬಯಾಪ್ಸಿಯ ಮುಖ್ಯ ಉದ್ದೇಶ ಇಯೊಸಿನೊಫಿಲಿಕ್ ಅನ್ನನಾಳ ಉರಿಯೂತವನ್ನು ಹಿಡಿಯುವುದು. ತೊಂಬತ್ತರ ದಶಕದವರೆಗೆ ಇದಕ್ಕೆ ಪ್ರತ್ಯೇಕ ಗುರುತೇ ಇರಲಿಲ್ಲ. ಅನ್ನನಾಳದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ ಕಂಡರೆ ರಿಫ್ಲಕ್ಸ್ ಎಂದೇ ಓದುತ್ತಿದ್ದರು. 1995ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ತಂಡ, ಯಾವ ರಿಫ್ಲಕ್ಸ್ ಚಿಕಿತ್ಸೆಗೂ ಮಣಿಯದ ಹತ್ತು ಮಕ್ಕಳಿಗೆ ಅಲರ್ಜಿಗೆ ಎಡೆಯೇ ಇಲ್ಲದ ಅಮೈನೋ ಆಮ್ಲದ ಆಹಾರ ಕೊಟ್ಟು ನೋಡಿತು. ಲಕ್ಷಣಗಳು ಇಳಿದವು, ಬಯಾಪ್ಸಿಯೂ ತಿಳಿಯಾಯಿತು. ಅವರಲ್ಲಿ ಕೆಲವರಿಗೆ ರಿಫ್ಲಕ್ಸ್ ತಡೆಯುವ ಶಸ್ತ್ರಕ್ರಿಯೆ ಕೂಡ ಆಗಿಹೋಗಿತ್ತು. ಕಾಯಿಲೆ ಆಹಾರದ ಅಲರ್ಜಿಯದು ಎಂಬುದು ಅಲ್ಲಿಂದ ನಿಚ್ಚಳವಾಯಿತು.

ಇದರ ಲಕ್ಷಣಗಳು ವಯಸ್ಸಿನೊಂದಿಗೆ ಬದಲಾಗುತ್ತವೆ: ಕೂಸು ಹಾಲು ಬೇಡವೆನ್ನುತ್ತದೆ, ಎರಡು ಮೂರು ವರ್ಷದ್ದು ವಾಂತಿ ಮಾಡುತ್ತದೆ, ಶಾಲೆಯ ಮಗು ಹೊಟ್ಟೆನೋವೆನ್ನುತ್ತದೆ, ಹದಿಹರೆಯದಲ್ಲಿ ತುತ್ತು ಎದೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹುಡುಗರಲ್ಲಿ ಹೆಚ್ಚು. ಮಕ್ಕಳು ಇದಕ್ಕೆ ಎಷ್ಟು ಚೆನ್ನಾಗಿ ಹೊಂದಿಕೊಳ್ಳುತ್ತಾರೆಂದರೆ ನುಂಗಲು ಕಷ್ಟವೇ ಎಂದು ಕೇಳಿದರೆ ಇಲ್ಲವೆನ್ನುತ್ತಾರೆ. ಕೇಳಬೇಕಾದ್ದು ಬೇರೆ: ಊಟಕ್ಕೆ ಎಲ್ಲರಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆಯೇ, ಪ್ರತಿ ತುತ್ತಿಗೂ ನೀರು ಕುಡಿಯುತ್ತಾನೆಯೇ, ಮಾಂಸ, ಚಪಾತಿ, ಒಣ ರೊಟ್ಟಿಯನ್ನು ಪಕ್ಕಕ್ಕಿಡುತ್ತಾನೆಯೇ, ಎಲ್ಲವನ್ನೂ ಸಾರಿನಲ್ಲಿ ಮುಳುಗಿಸಿ ಮೆತ್ತಗೆ ಮಾಡಿಕೊಳ್ಳುತ್ತಾನೆಯೇ? ಅಗಿಯದೆ ನುಂಗುವ ರಾಗಿಮುದ್ದೆಯ ಮನೆಗಳಲ್ಲಿ ಮಗು ಮುದ್ದೆಯನ್ನು ಬಿಟ್ಟು ಅನ್ನವನ್ನಷ್ಟೇ ಉಣ್ಣುವುದು ಹಟವೇ ಇರಬಹುದು; ಜೊತೆಗೆ ಉಬ್ಬಸ, ಇಸುಬು, ಸದಾ ಸುರಿಯುವ ಮೂಗೂ ಇದ್ದರೆ ಹಟವೆಂದು ತಳ್ಳಿಹಾಕಬಾರದು. ಒಳಗೆ ನೋಡಿದಾಗ ಉದ್ದ ಗೀರುಗಳು, ಬಿಳಿ ಚುಕ್ಕೆಗಳು, ಉಂಗುರಗಳು ಕಾಣಬಹುದು, ಏನೂ ಕಾಣದೆಯೂ ಇರಬಹುದು. ಕಾಯಿಲೆ ತೇಪೆತೇಪೆಯಾಗಿರುವುದರಿಂದ ಅನ್ನನಾಳದ ಕನಿಷ್ಠ ಎರಡು ಮಟ್ಟಗಳಿಂದ ಒಟ್ಟು ಆರಾದರೂ ಬಯಾಪ್ಸಿ ತೆಗೆಯಬೇಕು. ಸೂಕ್ಷ್ಮದರ್ಶಕದ ಒಂದು ಹೆಚ್ಚು ವರ್ಧನೆಯ ನೋಟದಲ್ಲಿ 15 ಅಥವಾ ಹೆಚ್ಚು ಇಯೊಸಿನೊಫಿಲ್ ಇದ್ದು, ಲಕ್ಷಣಗಳೂ ಹೊಂದಿ, ಬೇರೆ ಕಾರಣಗಳಿಲ್ಲದಿದ್ದರೆ ನಿರ್ಣಯವಾಯಿತು. ಮೊದಲು ಪ್ರೋಟಾನ್ ಪಂಪ್ ನಿರೋಧಕ ಕೊಟ್ಟು, ಅದಕ್ಕೆ ಬಗ್ಗದಿದ್ದರೆ ಮಾತ್ರ ಈ ಹೆಸರು ಎಂಬ ನಿಯಮವಿತ್ತು. ಈ ಕಾಯಿಲೆಯ ಹಲವರು ಅದೇ ಮಾತ್ರೆಗೆ ಗುಣವಾಗುವುದು ತಿಳಿದ ಮೇಲೆ 2018ರ ಅಂತರರಾಷ್ಟ್ರೀಯ ತಜ್ಞರ ಒಮ್ಮತ ಆ ನಿಯಮವನ್ನು ಕೈಬಿಟ್ಟಿತು. ಅದರಿಂದಲೇ ಒಂದು ಎಚ್ಚರಿಕೆಯೂ ಹುಟ್ಟುತ್ತದೆ: ಮಾತ್ರೆ ನುಂಗುತ್ತಿರುವಾಗ ತೆಗೆದ ಬಯಾಪ್ಸಿ ಕಾಯಿಲೆಯನ್ನು ಮುಚ್ಚಿಹಾಕಬಹುದು. ಸಾಧ್ಯವಾದಲ್ಲಿ ಎಂಡೋಸ್ಕೋಪಿಗೆ ಮೂರು ವಾರ ಮೊದಲೇ ಅದನ್ನು ನಿಲ್ಲಿಸಬೇಕು.

ಉರಿಯೂತದ ಉಳಿದ ಕಾರಣಗಳಲ್ಲಿ ಕ್ಯಾಂಡಿಡ, ಹರ್ಪಿಸ್‌ನಂಥ ಸೋಂಕುಗಳು ರೋಗನಿರೋಧಕ ಶಕ್ತಿ ಕುಂದಿದ ಮಕ್ಕಳಲ್ಲಿ ಬರುತ್ತವೆ. ಮೊಡವೆಗೆ ಡಾಕ್ಸಿಸೈಕ್ಲಿನ್ ಗುಳಿಗೆಯನ್ನು ಗುಟುಕು ನೀರಿನಲ್ಲಿ ನುಂಗಿ ಮಲಗಿದ ಹದಿಹರೆಯದವರಿಗೆ ರಾತ್ರೋರಾತ್ರಿ ಎದೆನೋವು ಹತ್ತಿಕೊಂಡರೆ ಗುಳಿಗೆಯೇ ಅಂಟಿ ಸುಟ್ಟಿರುತ್ತದೆ. ಶೌಚಾಲಯ ತೊಳೆಯುವ ಆಮ್ಲ, ಕ್ಷಾರ ಕುಡಿದ ಮಗುವಿನ ಕತೆ ಮನೆಯವರಿಗೆ ಗೊತ್ತಿರುತ್ತದೆ. ಬಟನ್ ಬ್ಯಾಟರಿ ನುಂಗಿದ್ದು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಇದ್ದಕ್ಕಿದ್ದಂತೆ ಜೊಲ್ಲು ಸುರಿಸುತ್ತ ಊಟ ಬಿಟ್ಟ ಪುಟ್ಟ ಮಗುವಿಗೆ ಮೊದಲು ಎಕ್ಸ್-ರೇ ಆಗಬೇಕು. ನಾಣ್ಯದಂತೆ ಕಂಡರೂ ಅಂಚಿನಲ್ಲಿ ಜೋಡಿ ಗೆರೆಯಿದ್ದರೆ ಅದು ಬ್ಯಾಟರಿ. ಎರಡು ಗಂಟೆಯೊಳಗೇ ಅದು ಅನ್ನನಾಳವನ್ನು ಸುಡಬಲ್ಲದು.

ಕೆಮ್ಮು, ಉಬ್ಬಸ, ಸ್ವರ ಒಡಕುಗಳಿಗೆಲ್ಲ ರಿಫ್ಲಕ್ಸನ್ನು ಹೊಣೆ ಮಾಡುವ ಕಾಲವೊಂದಿತ್ತು. ಗಂಟಲು ನೋಡಿ ಕೆಂಪಾಗಿದೆ, ಆದ್ದರಿಂದ ಆಮ್ಲ ಬರುತ್ತಿದೆ ಎನ್ನುವುದು ಈಗಲೂ ಉಂಟು. ಆ ಕೆಂಪಿಗೂ ಅಳತೆಮಾಡಿದ ರಿಫ್ಲಕ್ಸಿಗೂ ಭರವಸೆಯ ಸಂಬಂಧವಿಲ್ಲ. ಜೊಲ್ಲಿನಲ್ಲಿ ಜಠರದ ಕಿಣ್ವವಾದ ಪೆಪ್ಸಿನ್ ಹುಡುಕುವ ಪರೀಕ್ಷೆಯನ್ನೂ ಮಾರ್ಗಸೂಚಿ ಒಪ್ಪುವುದಿಲ್ಲ. 2012ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಹತೋಟಿಗೆ ಬಾರದ ಉಬ್ಬಸವಿದ್ದ 306 ಮಕ್ಕಳಿಗೆ 24 ವಾರ ಲ್ಯಾನ್ಸೊಪ್ರಜೋಲ್ ಅಥವಾ ಹುಸಿಮಾತ್ರೆ ಕೊಟ್ಟರು. ಉಬ್ಬಸ ಸುಧಾರಿಸಲಿಲ್ಲ, ಪಿಎಚ್ ಮಾಪನ ಅಸಹಜವಿದ್ದ ಮಕ್ಕಳಲ್ಲೂ ಸುಧಾರಿಸಲಿಲ್ಲ. ಉಸಿರಾಟದ ಸೋಂಕು ಮಾತ್ರ ಹೆಚ್ಚಿತು. ಇದಕ್ಕೆ ವ್ಯತಿರಿಕ್ತವಾಗಿ, ಫಿಟ್ಸ್ ಎಂದು ಬಂದು ರಿಫ್ಲಕ್ಸ್ ಎಂದು ಹೊರಡುವ ಮಕ್ಕಳೂ ಇದ್ದಾರೆ. ಊಟದ ನಂತರ ಕತ್ತು ತಿರುಚಿ ಬೆನ್ನು ಬಾಗಿಸುವ ಸ್ಯಾಂಡಿಫರ್ ಸಿಂಡ್ರೋಮನ್ನು 1964ರಲ್ಲಿ ಕಿನ್ಸ್‌ಬೋರ್ನ್ ವರ್ಣಿಸಿದರು. ಇಲ್ಲಿ ಮಿದುಳಿನ ವಿದ್ಯುತ್ ದಾಖಲೆಯಾದ ಇಇಜಿ ಸಹಜವಾಗಿರುತ್ತದೆ, ಮೊಬೈಲಿನಲ್ಲಿ ಹಿಡಿದ ವಿಡಿಯೊ ಬಹಳ ನೆರವಾಗುತ್ತದೆ. ಊಟವಾದ ಕೆಲವೇ ನಿಮಿಷಕ್ಕೆ, ಓಕರಿಕೆಯಿಲ್ಲದೆ, ಆಹಾರವನ್ನು ಬಾಯಿಗೆ ತಂದು ಮತ್ತೆ ನುಂಗುವ, ನಿದ್ದೆಯಲ್ಲಿ ಒಮ್ಮೆಯೂ ಹಾಗಾಗದ ಮಗುವಿಗೆ ಇರುವುದು ರಿಫ್ಲಕ್ಸ್ ಅಲ್ಲ, ರೂಮಿನೇಶನ್. ಸರಿಯಾಗಿ ಕೇಳಿದರೆ ಪರೀಕ್ಷೆಯಿಲ್ಲದೇ ತಿಳಿಯುತ್ತದೆ.

ಮೇಲೆ ಹೇಳಿದ ಸಂಯಮ ಅನ್ವಯಿಸದ ಮಕ್ಕಳ ಗುಂಪೊಂದಿದೆ. ಸೆರೆಬ್ರಲ್ ಪಾಲ್ಸಿಯ ಮಗುವಿಗೆ ಎದೆಯುರಿ ಹೇಳಲು ಮಾತಿಲ್ಲ; ಹಲ್ಲಿನ ಎನಾಮಲ್ ಸವೆತ, ರಕ್ತಹೀನತೆ, ಕಾರಣವಿಲ್ಲದ ಕಿರಿಕಿರಿ, ಮೈ ಬಿಗಿತ ಹೆಚ್ಚುವುದು ಇವೇ ಅದರ ದೂರು. ಇವರಲ್ಲಿ ಉರಿಯೂತ ತೀವ್ರವಾಗಿರುವುದು ಸಾಮಾನ್ಯ, ಎಂಡೋಸ್ಕೋಪಿಗೆ ತಡಮಾಡಬಾರದು. ಅನ್ನನಾಳವೇ ಕೂಡಿಕೊಳ್ಳದೆ ಹುಟ್ಟಿ, ಮೊದಲ ದಿನಗಳಲ್ಲೇ ಶಸ್ತ್ರಕ್ರಿಯೆಯಾದ ಮಕ್ಕಳು ಇನ್ನೊಂದು ಬಗೆ. ಅವರ ಅನ್ನನಾಳದ ಚಲನೆ ಎಂದೂ ಪೂರ್ತಿ ಸರಿಯಾಗುವುದಿಲ್ಲ. ಏರಿ ಬಂದ ಆಮ್ಲ ಅಲ್ಲೇ ನಿಲ್ಲುತ್ತದೆ, ಇಯೊಸಿನೊಫಿಲಿಕ್ ಉರಿಯೂತವೂ ಹೆಚ್ಚು. ತೊಂದರೆ ಹೇಳದಿದ್ದರೂ ಅವರಿಗೆ ಮೂರು ಎಂಡೋಸ್ಕೋಪಿ ಬೇಕೆಂದು 2016ರ ಮಾರ್ಗಸೂಚಿ ಹೇಳುತ್ತದೆ: ಆಮ್ಲನಿರೋಧಕ ನಿಲ್ಲಿಸಿದ ಮೇಲೆ ಒಂದು, ಹತ್ತು ವರ್ಷ ತುಂಬುವ ಮೊದಲು ಒಂದು, ದೊಡ್ಡವರ ಆಸ್ಪತ್ರೆಗೆ ವರ್ಗವಾಗುವಾಗ ಒಂದು. ಮಗು ಬೆಳೆದು ಊರು ಬದಲಾಯಿಸುವ ಹೊತ್ತಿಗೆ ಹುಟ್ಟಿನ ಶಸ್ತ್ರಕ್ರಿಯೆಯ ಕಾಗದಗಳು ಎಲ್ಲೋ ಕಳೆದಿರುತ್ತವೆ, ಹೊಸ ವೈದ್ಯರಿಗೆ ಈ ಮೂರರ ಲೆಕ್ಕ ಸಿಗುವುದೇ ಇಲ್ಲ. ಅಂಥ ಮಗುವಿರುವ ಮನೆಯವರು ಆಸ್ಪತ್ರೆಯಿಂದ ಬಿಡುಗಡೆಯಾದ ದಿನದ ವರದಿಯನ್ನೂ ಪ್ರತಿ ಬಯಾಪ್ಸಿಯ ಫಲಿತಾಂಶವನ್ನೂ ಒಂದೇ ಕಡತದಲ್ಲಿ ಜೋಪಾನವಾಗಿಟ್ಟು, ಮಗು ದೊಡ್ಡದಾದ ಮೇಲೆ ಅದರ ಕೈಗೇ ಕೊಡಬೇಕು.